ಕೆಳಗಿನ ಕೊಠಡಿಯ ಗುಬ್ಬಚ್ಚಿಗಳು

ಆ ವರ್ಷದ ನಮ್ಮ ಶಾಲಾ ಯೋಜನೆಯಲ್ಲಿ ಎರಡು ಭಾಗಗಳಿದ್ದವು. ಎಡಗಡೆ ಕಲಿಕೆ, ಬಲಗಡೆ ಮಕ್ಕಳ ಯೋಗಕ್ಷೇಮ. ಡ್ರಾಯಿಂಗ್ ಶೀಟಿನ ನಡುವೆ ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೆದವಳು ಮುಖ್ಯ ಶಿಕ್ಷಕಿಯಾದ ನಾನೇ. ಗೆರೆ ಎಷ್ಟು ಚೆನ್ನಾಗಿ ಬಂದಿದೆ ಅಂತ ಖುಷಿಯನ್ನೂ ಪಟ್ಟಿದ್ದೆ. ಜೂನ್‌ನಿಂದ ದಸರಾವರೆಗೆ ಆ ಗೆರೆಯ ಆಚೆ ಈಚೆ ಓಡಾಡಿ ಓಡಾಡಿ ಸುಸ್ತಾದವಳೂ ನಾನೇ.

ನಮ್ಮದು ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಯಿಂದ ಸ್ವಲ್ಪ ಒಳಗಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಹೆಚ್ಚಿನ ಮಕ್ಕಳ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ತಂದೆಯರು ಆಟೋ ಓಡಿಸುತ್ತಾರೆ ಇಲ್ಲವೇ ಗಾರೆ ಕೆಲಸಕ್ಕೆ ಹೋಗುತ್ತಾರೆ. ಕೆಳಗಡೆ ಆಫೀಸು, ಅಡುಗೆಮನೆ ಮತ್ತು ನಲಿಕಲಿ ಕೊಠಡಿ. ಮಹಡಿಯ ಮೇಲೆ ನಾಲ್ಕು ಮತ್ತು ಐದನೆಯ ತರಗತಿ. ನಲಿಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುತ್ತಾರೆ. ಅಲ್ಲಿ ಬೆಂಚಿಲ್ಲ, ಜಮಖಾನದ ಮೇಲೆ ದುಂಡಗೆ ಕೂರುತ್ತಾರೆ. ಸುತ್ತಲೂ ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಪ್ರತಿ ಮಗುವಿಗೂ ಒಂದೊಂದು ತುಂಡು ಬೋರ್ಡು ಮಾಡಿದ್ದೇವೆ. ತಲೆಯ ಮೇಲೆ ತಂತಿ ಕಟ್ಟಿ, ಅವರೇ ಬರೆದ ಚಿತ್ರಗಳನ್ನು ಚಪ್ಪರದ ಹಾಗೆ ತೂಗುಹಾಕಿದ್ದೇವೆ. ನಾಲ್ಕನೆಯ ತರಗತಿಗೆ ಬಂದ ಕೂಡಲೇ ಮಗು ಮಹಡಿ ಹತ್ತಿ, ಬೆಂಚಿನ ಮೇಲೆ ಕೂತು, ಬೋರ್ಡಿನ ಕಡೆಗೆ ಮುಖ ಮಾಡುತ್ತದೆ. ಮೊದಲಿನಿಂದಲೂ ಹೀಗೇ ನಡೆದು ಬಂದಿದ್ದರಿಂದ ನಾವ್ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ಕಲಿಕೆಯ ಭಾಗಕ್ಕೆ ನಾವು ಹಾಕಿಕೊಂಡ ಕ್ರಮ ಹೀಗಿತ್ತು. ಜೂನ್‌ನಲ್ಲಿ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕಾರ್ಡು ಓದಿಸುವುದು. ಒಂದರಲ್ಲಿ ಬಿಡಿ ಅಕ್ಷರಗಳು, ಇನ್ನೊಂದರಲ್ಲಿ ಪದಗಳು, ಕೊನೆಯದರಲ್ಲಿ ಪುಟ್ಟ ಕಥೆ. ಅಕ್ಷರಕ್ಕೇ ನಿಂತವರು ಒಂದು ಗುಂಪು, ಪದ ಓದುವವರು ಇನ್ನೊಂದು, ಕಥೆ ಓದುವವರು ಮೂರನೆಯದು. ಪ್ರಾರ್ಥನೆ ಮುಗಿದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ ತರಗತಿ ಯಾವುದೇ ಇರಲಿ, ಮೂರು, ನಾಲ್ಕು, ಐದರ ಮಕ್ಕಳೆಲ್ಲ ತಮ್ಮ ತಮ್ಮ ಗುಂಪಿಗೆ ಹೋಗಬೇಕು. ಯಾರಿಗೂ ಅವಮಾನವಾಗಬಾರದು ಅಂತ ಗುಂಪುಗಳಿಗೆ ಗುಬ್ಬಚ್ಚಿ, ಗಿಳಿ, ನವಿಲು ಎಂದು ಹೆಸರಿಟ್ಟೆವು. ಗುಬ್ಬಚ್ಚಿಗಳು ಕೆಳಗೆ ನಲಿಕಲಿ ಕೊಠಡಿಯಲ್ಲಿ, ಒಂದು ಎರಡರ ಮಕ್ಕಳ ಜೊತೆ, ನಮ್ಮ ಚಿಕ್ಕ ವಯಸ್ಸಿನ ನಲಿಕಲಿ ಶಿಕ್ಷಕಿಯ ಹತ್ತಿರ. ಮಹಡಿಯ ಮೇಲೆ ಗಿಳಿಗಳಿಗೆ ನಾನು, ನವಿಲುಗಳಿಗೆ ನಮ್ಮ ಹಿರಿಯ ಮೇಷ್ಟ್ರು. ಎರಡನೆಯ ದಿನವೇ ನಾಲ್ಕನೆಯ ತರಗತಿಯವನೊಬ್ಬ ಕೇಳಿದ, "ಮಿಸ್, ಗುಬ್ಬಚ್ಚಿ ಅಂದ್ರೆ ದಡ್ಡ ಅಂತ ಅಲ್ವಾ?" ನನಗೆ ಸಿಟ್ಟು ಬೇಗ ಬರುತ್ತದೆ. ಸುಮ್ಮನೆ ಕೂತ್ಕೊಳೋ ಅಂತ ಗದರಿದೆ.

ಯೋಗಕ್ಷೇಮದ ಭಾಗಕ್ಕೆ ಪ್ರತಿ ಕೊಠಡಿಯ ಬಾಗಿಲ ಪಕ್ಕ ಒಂದೊಂದು ಚಾರ್ಟು ಅಂಟಿಸಿದೆವು. ಅದರಲ್ಲಿ ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಬೆಳಿಗ್ಗೆ ಬಂದ ಮಗು ಆವತ್ತು ತನಗೆ ಹೇಗನ್ನಿಸುತ್ತಿದೆಯೋ ಆ ಮುಖದ ಕೆಳಗೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಬೇಕು. ಫ್ಯಾನ್ಸಿ ಸ್ಟೋರಿನಿಂದ ಬೊಟ್ಟಿನ ಪ್ಯಾಕೆಟ್ಟುಗಳನ್ನು ತಂದಿಟ್ಟೆ. ವಾರ ಕಳೆದರೂ ಬೊಟ್ಟುಗಳೆಲ್ಲ ನಗುವ ಮುಖದ ಕೆಳಗೇ. ಜ್ವರದಿಂದ ಕಣ್ಣು ಕೆಂಪಾಗಿದ್ದ ಮಗು ಕೂಡ ಅಲ್ಲಿಗೇ ಅಂಟಿಸಿ ಬಂದು ಬೆಂಚಿಗೆ ತಲೆಯಾನಿಸಿತು. ಯಾಕೋ ಅಂದರೆ, "ನಗೋದು ತಾನೇ ಮಿಸ್ ರೈಟು?" ಅಂದಿತು. ವರದಿಯಲ್ಲಿ ಮಾತ್ರ ನಮ್ಮ ಶಾಲೆಯ ಮಕ್ಕಳೆಲ್ಲ ಸಂತೋಷವಾಗಿದ್ದರು.

ಆಗಸ್ಟಿನಲ್ಲಿ ನಲಿಕಲಿ ಕೊಠಡಿಯಲ್ಲಿ ಕೂರಿಸಿ ಮತ್ತೆ ಕಾರ್ಡು ಓದಿಸಿದೆವು. ಗುಬ್ಬಚ್ಚಿಗಳಲ್ಲಿ ಕೆಲವರಾದರೂ ಗಿಳಿಗಳಾಗಿರುತ್ತಾರೆ ಅಂದುಕೊಂಡಿದ್ದೆ. ಆದದ್ದೇ ಬೇರೆ. ಗಿಳಿಗಳು ಗುಬ್ಬಚ್ಚಿಗಳಾಗಿದ್ದವು, ನವಿಲುಗಳಲ್ಲಿ ಕೆಲವು ನೇರವಾಗಿ ಗುಬ್ಬಚ್ಚಿಗೆ ಬಂದು ಬಿದ್ದಿದ್ದವು. ಐದನೆಯ ತರಗತಿಯ ಒಬ್ಬ ಹುಡುಗಿ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಬರುವವಳು, ಜೂನ್‌ನಲ್ಲಿ ಕಥೆಯ ಕಾರ್ಡನ್ನು ಉಸಿರು ಬಿಡದೆ ಓದಿ ನನ್ನಿಂದ ಭೇಷ್ ಅನ್ನಿಸಿಕೊಂಡಿದ್ದಳು. ಈಗ 'ಮರ' ಎಂಬ ಪದದ ಮುಂದೆ ನಿಂತುಬಿಟ್ಟಳು. ಮ ಅಂದಳು. ಆಮೇಲೆ ಚಪ್ಪರದಲ್ಲಿ ತೂಗುವ ಚಿತ್ರ ನೋಡುತ್ತಾ ಕೂತಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಕಾರ್ಡು ಕಷ್ಟವಾಗಿರಬಹುದು ಅಂತ ಹೊಸ ಕಾರ್ಡು ಬರೆಸಿದೆ. ಊಟದ ನಂತರ ತೂಕಡಿಕೆ ಇರುತ್ತದೆ ಅಂತ ಬೆಳಿಗ್ಗೆಯೇ ಓದಿಸಿದೆ. ನನ್ನನ್ನು ಕಂಡರೆ ಹೆದರುತ್ತಾರೇನೋ ಅಂತ ನಲಿಕಲಿ ಶಿಕ್ಷಕಿಯನ್ನು ಕೂರಿಸಿದೆ. ಕಣ್ಣಿನ ತಪಾಸಣೆಗೆ ಬಂದವರಿಗೆ ಈ ಮಕ್ಕಳನ್ನೇ ಮೊದಲು ತೋರಿಸಿದೆ. ಕಣ್ಣು ಸರಿಯಾಗಿಯೇ ಇದ್ದವು. ಓದು ಮಾತ್ರ ಇನ್ನಷ್ಟು ಕೆಳಗಿಳಿಯಿತು.

ಹಿರಿಯ ಮೇಷ್ಟ್ರಿಗೆ ಒಂದು ವಿಷಯ ವಿಚಿತ್ರ ಅನ್ನಿಸಿತ್ತು. "ಮೇಡಂ, ಓದಕ್ಕೆ ಬರ್ದೇ ಇರೋ ಮಗು ಒತ್ತಕ್ಷರ ಬಂದಾಗ ಎಡವುತ್ತೆ. ಇವು ಒತ್ತಕ್ಷರ ಸಲೀಸಾಗಿ ಹೇಳಿ ಸುಲಭದ್ರಲ್ಲಿ ನಿಂತ್ಕೋತವೆ. ಇದ್ಯಾವ ತರ ಮರೆವು?" ಅಂದರು. ನಾನೂ ಅದನ್ನು ಗಮನಿಸಿದ್ದೆ. ಸ್ಕೂಟರಿನಲ್ಲಿ ಚಂದ್ರಾ ಲೇಔಟಿನ ಮನೆಗೆ ಹೋಗುವಾಗಲೆಲ್ಲ ಅದೇ ಯೋಚನೆ. ಒಂದು ದಿನ ಮನೆಯ ತಿರುವನ್ನೇ ದಾಟಿ ಮುಂದೆ ಹೋಗಿದ್ದೆ. ಕಲಿಸಿದ್ದಕ್ಕೆ ಮಕ್ಕಳು ಕಲಿತದ್ದನ್ನು ಮರೆಯುತ್ತಿದ್ದಾರೆ ಎಂದರೆ ನಾನು ಅಲ್ಲಿ ಮಾಡುತ್ತಿರುವುದಾದರೂ ಏನು?

ಪೋಷಕರ ಸಭೆಯಲ್ಲಿ ಏನನ್ನೂ ಮುಚ್ಚಿಡಬಾರದು ಅನ್ನುವುದೂ ನಮ್ಮ ಯೋಜನೆಯಲ್ಲಿತ್ತು. ಅದರಂತೆ ಪ್ರತಿಯೊಬ್ಬ ತಾಯಿಗೂ ಮಗು ಯಾವ ಗುಂಪಿನಲ್ಲಿದೆ ಎಂದು ಹೇಳಿದೆವು. ಎರಡು ಜಡೆಯ ಹುಡುಗಿಯ ತಾಯಿ ಯಾದಗಿರಿ ಕಡೆಯವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ನಿಗೆ ಕೂರುತ್ತಾರೆ. ಆವತ್ತು ಕೇಳಿಸಿಕೊಂಡು ಹೋದವರು ಮುಂದಿನ ವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ ಆಫೀಸಿಗೆ ಬಂದರು.

"ಮೇಡಂ ರೀ, ನಮ್ಮ ಹುಡುಗೀದು ಟಿಸಿ ಕೊಡ್ರಿ."

"ಯಾಕಮ್ಮ, ಮನೆ ಬದ್ಲಾಯಿಸ್ತಾ ಇದೀರಾ?"

"ಇಲ್ರೀ. ದಸರಾ ಸೂಟಿಗೆ ಊರಿಗೆ ಕರ್ಕೊಂಡು ಹೋಗಿ ನಮ್ಮವ್ವನ ಹತ್ರ ಬಿಟ್ಟು ಬರ್ತೀನಿ. ಮೊದ್ಲು ಓದ್ತಿದ್ಲು, ಈಗ ಅದೂ ಹೋಯ್ತು ಅಂತ ನೀವ ಹೇಳಿದ್ರಿ. ಓದು ಹತ್ತಂಗಿಲ್ಲಂದ್ರ ಇಲ್ಲಿಟ್ಟು ಏನ್ ಮಾಡ್ಲಿ? ಊರಾಗಿದ್ರ ನಮ್ಮಕ್ಕನ ಕೂಸನ್ನರ ನೋಡ್ಕೊಂತಾಳ."

ಆಕೆಯ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ, ನಾವೇ ಹೇಳಿದ್ದನ್ನು ಆಕೆ ನಂಬಿದ್ದರು ಅಷ್ಟೇ. ಊರಿಗೆ ಹೋದರೆ ಈ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ಅನುಮಾನ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ರಜೆಗೆ ಮುಂಚೆ ಕೊಡುತ್ತೇನೆ, ಅಲ್ಲಿಯವರೆಗೆ ಸಮಯ ಕೊಡಿ ಎಂದೆ. ಆಕಿಗೆ ಇನ್ನೂ ಹೇಳಿಲ್ಲ ಮೇಡಂ, ಸೂಟಿಗೆ ಹೊಂಟೀವಿ ಅಂತ ತಿಳ್ಕೊಂಡಾಳ, ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದರು.

ಆ ವಾರ ನಲಿಕಲಿ ಶಿಕ್ಷಕಿ ರಜೆ ಹಾಕಿದ್ದರಿಂದ ಗುಬ್ಬಚ್ಚಿಗಳು ನನ್ನ ಪಾಲಿಗೆ ಬಂದವು. ಗಿಳಿಗಳನ್ನೂ ಮೇಷ್ಟ್ರ ಕೊಠಡಿಗೆ ಕಳಿಸಿ ಕೆಳಗೆ ಬಂದೆ. ಅಲ್ಲಿ ಮೊದಲು ಕಥೆ ಓದುವುದು ವಾಡಿಕೆ. ಕಪಾಟಿನಿಂದ ಒಂದು ಚಿತ್ರಪುಸ್ತಕ ಕೈಗೆ ಸಿಕ್ಕಿತು. ಕೆರೆಗಿಳಿದ ಎಮ್ಮೆಯೊಂದು ಮೇಲೆ ಬರುವುದಿಲ್ಲ ಎಂದು ಕೂತ ಕಥೆ. ಯಜಮಾನ ಬೈಯುತ್ತಾನೆ, ಹಗ್ಗ ಹಾಕಿ ಎಳೆಯುತ್ತಾನೆ, ಊರವರು ಡೊಳ್ಳು ಬಡಿಯುತ್ತಾರೆ, ಎಮ್ಮೆ ಕಿವಿ ಅಲ್ಲಾಡಿಸಿ ಇನ್ನಷ್ಟು ಒಳಗೆ ಹೋಗುತ್ತದೆ. ನಾನು ಓದುತ್ತಿದ್ದರೆ ಮಕ್ಕಳು ಚಿತ್ರ ನೋಡಲು ನನ್ನ ಬೆನ್ನ ಹಿಂದೆ ಬಂದು ಗುಂಪು ಕಟ್ಟಿದರು. ಯಾರದೋ ಗಲ್ಲ ನನ್ನ ಭುಜದ ಮೇಲಿತ್ತು. ನಾನು ಟೀಚರಾಗಿ ಇಷ್ಟು ವರ್ಷವಾದರೂ ಮಹಡಿಯ ಮೇಲೆ ಯಾವ ಮಗುವೂ ನನ್ನ ಭುಜಕ್ಕೆ ಗಲ್ಲ ಆನಿಸಿದ್ದು ನೆನಪಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ ಅವರದು. ಪುಸ್ತಕವನ್ನು ಜಮಖಾನದ ಮೇಲಿಟ್ಟು ವರಾಂಡಕ್ಕೆ ಬಂದೆ.

"ಮೇಡಂ, ನಿಮ್ ಶಾಲೇಲಿ ಮಕ್ಳು ಮುಂದಕ್ಕೆ ಹೋಗೋ ಬದ್ಲು ಹಿಂದಕ್ಕೆ ಬರ್ತಾ ಇದಾರಲ್ಲ, ಏನ್ ಸಮಾಚಾರ? ಅಕ್ಷರದಲ್ಲೇ ನಿಂತಿರೋರು ಎಷ್ಟ್ ಜನ ಇದಾರೆ ಅಂತ ಇವತ್ತೇ ಹೇಳ್ಬೇಕು ನೀವು."

ನಾನು ಲೆಕ್ಕ ಹಾಕಲು ತಡವರಿಸುತ್ತಿದ್ದಾಗ ಒಳಗಿನಿಂದ ಕಥೆ ಕೇಳಿಸಿತು. "ಮೂರನೆಯ ದಿನ ಯಜಮಾನ ಹುಲ್ಲಿನ ಹೊರೆ ಹೊತ್ತು ತಂದು ದಡದ ಮೇಲೆ ಇಟ್ಟ. ಎಮ್ಮೆ ಏಏಏಳಲೇ ಇಲ್ಲ." ನಾನು ಎಳೆದು ಓದಿದ ಹಾಗೆಯೇ ಎಳೆದು, ನಾನು ನಿಲ್ಲಿಸುವಲ್ಲಿ ನಿಲ್ಲಿಸಿ. ಅದು ನಾನಿನ್ನೂ ಓದಿರದ ಪುಟ. ಬಾಗಿಲ ಸಂದಿಯಿಂದ ನೋಡಿದೆ. ಎರಡು ಜಡೆಯ ಹುಡುಗಿ ಪುಸ್ತಕ ಹಿಡಿದು ನನ್ನ ಜಾಗದಲ್ಲಿ ಕೂತಿದ್ದಳು, ಉಳಿದವರು ಅವಳ ಬೆನ್ನ ಹಿಂದೆ.

"ಮೇಡಂ, ಕೇಳಿಸ್ತಾ ಇದ್ಯಾ? ಎಷ್ಟ್ ಜನ?" ಅಂತ ಫೋನಿನಲ್ಲಿ ಕೇಳುತ್ತಲೇ ಇದ್ದರು. "ಗೊತ್ತಿಲ್ಲ ಸಾರ್" ಅಂದೆ. ಜೂನ್‌ನಿಂದ ಅಲ್ಲಿಯವರೆಗೆ ನಾನು ಕೊಟ್ಟ ಸರಿಯಾದ ಮಾಹಿತಿ ಅದೊಂದೇ.

ನಾನು ಒಳಗೆ ಕಾಲಿಡುತ್ತಲೂ ಓದು ನಿಂತಿತು. ಮೂರನೆಯ ತರಗತಿಯ ಪುಟ್ಟಿಯೊಬ್ಬಳು ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು, "ಅಕ್ಕ ಓದಿಲ್ಲ ಮಿಸ್, ಸುಮ್ನೆ ಚಿತ್ರ ನೋಡ್ತಾ ಇದ್ಲು" ಅಂದಳು. ಉಳಿದವರು ಹೌದು ಹೌದು ಎಂದು ತಲೆಯಾಡಿಸಿದರು. ನನ್ನ ಮಕ್ಕಳೆಲ್ಲ ಸೇರಿ ನನಗೇ ಟೋಪಿ ಹಾಕಿದ್ದರು. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಜೊತೆಗೇ ಎಷ್ಟೊಂದು ಸಂತೋಷ ಉಕ್ಕಿತೆಂದರೆ ಬೈಯಬೇಕೋ ಮುದ್ದಾಡಬೇಕೋ ತೋಚದೆ ಅಲ್ಲೇ ನಿಂತೆ.

ಊಟದ ಬಿಡುವಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದೆ. "ಓದಕ್ಕೆ ಬರುತ್ತಲ್ಲಮ್ಮ, ಮತ್ತೆ ಕಾರ್ಡಲ್ಲಿ ಯಾಕೆ ಓದ್ಲಿಲ್ಲ?"

ರಿಬ್ಬನ್ ತಿರುಚುತ್ತಾ ಹೇಳಿದಳು, "ಓದಿದ್ರೆ ಮೇಲೆ ಕಳಿಸ್ತೀರ ಮಿಸ್."

"ಮೇಲೆ ಹೋದ್ರೆ ಏನಾಗುತ್ತೆ?"

"ಮೇಲೆ ಓದಾದ್ಮೇಲೆ ಪ್ರಶ್ನೆ ಕೇಳ್ತಾರೆ. ಕೆಳಗೆ ಓದಿದ್ರೆ ಕತೆ ಮುಂದಕ್ಕೆ ಹೋಗುತ್ತೆ."

ಇದರಲ್ಲಿ ಅರ್ಥವಾಗದಿರುವುದು ಏನೂ ಇರಲಿಲ್ಲ. ಹಿಂದುಳಿದವರಿಗೆ ಪ್ರೀತಿ ಬೇಕು ಅಂತ ಕಥೆ, ಜಮಖಾನ, ಚಪ್ಪರ ಎಲ್ಲವನ್ನೂ ಕೆಳಗಿಟ್ಟಿದ್ದೆವು. ಓದು ಬಂದವರಿಗೆ ಮಹಡಿ, ಬೆಂಚು, 'ಪ್ಯಾರಾ ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ'. ಮಕ್ಕಳು ಎರಡನ್ನೂ ನೋಡಿ ತಮಗೆ ಬೇಕಾದ್ದನ್ನು ಆರಿಸಿಕೊಂಡಿದ್ದರು. ಬೊಟ್ಟು ಅಂಟಿಸುವ ಕಡೆ ಸರಿ ಉತ್ತರ ಕೊಟ್ಟು ಸುಳ್ಳು ಹೇಳಿದವರು, ಕಾರ್ಡಿನಲ್ಲಿ ತಪ್ಪು ಓದಿ ತಮ್ಮ ಮನಸ್ಸು ಹೇಳಿದ್ದರು. ಅದು ಕಿವಿಗೆ ಬೀಳದವಳು ನಾನು.

ಸಂಜೆ ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಪ್ರಾಮಾಣಿಕ ಮನುಷ್ಯ, ಒಂದು ಪೀರಿಯಡ್ಡನ್ನೂ ಸುಮ್ಮನೆ ಕಳೆದವರಲ್ಲ. ಅವರ ಮುಖ ಸಣ್ಣದಾಯಿತು. "ಪ್ರಶ್ನೆ ಕೇಳ್ದೆ ಮಗೂಗೆ ಅರ್ಥ ಆಯ್ತೋ ಇಲ್ವೋ ಹೆಂಗ್ ತಿಳಿಯೋದು ಮೇಡಂ? ಅದನ್ನೂ ಬಿಟ್ರೆ ನಾನ್ಯಾಕೆ ಇರ್ಬೇಕು ಅಲ್ಲಿ?" ಗುಂಪು ಒಡೆದರೆ ವರ್ಷದ ಯೋಜನೆ ಅರ್ಧಕ್ಕೆ ನಿಂತಂತೆ, ಸಿಆರ್‌ಪಿ ಅವರಿಗೆ ಏನು ಹೇಳುವುದು? ಒಡೆಯದಿದ್ದರೆ ಇಡೀ ಶಾಲೆ ಕೆಳಗಿಳಿಯುತ್ತದೆ. ಯೋಚನೆ ಮಾಡೋಣ ಮೇಷ್ಟ್ರೇ ಅಂದೆ. ಯೋಚನೆ ಮಾಡುವುದಕ್ಕೆ ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ಗೊತ್ತಾಗಲಿಲ್ಲ.

ತಾಯಿಗೆ ಫೋನ್ ಮಾಡಿ, ನಿಮ್ಮ ಮಗಳಿಗೆ ಓದು ಚೆನ್ನಾಗಿ ಬರುತ್ತದೆ ಎಂದೆ. ಮೆಷಿನ್ನಿನ ಸದ್ದಿನ ನಡುವೆ ಆಕೆಯ ದನಿ ಬಂತು. "ಅವತ್ತ ಬರಂಗಿಲ್ಲಂದ್ರಿ, ಇವತ್ತ ಬರ್ತದಂತೀರಿ. ಯಾವುದು ನಂಬ್ಲಿ ಮೇಡಂ? ನನ್ನ ಮುಂದ ಓದಿ ತೋರಸ್ಲಿ." ಕೇಳಿದ್ದು ನ್ಯಾಯವಾಗಿಯೇ ಇತ್ತು.

ರಜೆಗೆ ಮುಂಚಿನ ಶನಿವಾರ ಶಾಲೆ ಬಿಡುವ ಹೊತ್ತಿಗೆ ಆಕೆ ಸೂಪರ್‌ವೈಸರ್ ಹತ್ತಿರ ಸ್ವಲ್ಪ ಹೊತ್ತು ಪರ್ಮಿಷನ್ ಕೇಳಿಕೊಂಡು ಬಂದರು. ನಲಿಕಲಿ ಕೊಠಡಿಯಲ್ಲೇ ಜಮಖಾನದ ಮೇಲೆ ಕೂತೆವು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅದೇ ಎಮ್ಮೆಯ ಪುಸ್ತಕ ಕೊಟ್ಟೆ. ಹುಡುಗಿ ತೆರೆದಳು. ಮೊದಲ ಪದ ನೋಡಿದಳು. ಬಾಯಿ ತೆರೆಯಲಿಲ್ಲ.

"ಓದಮ್ಮ" ಅಂದೆ. ಅವಳು ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದಳು.

ತಾಯಿ ನಿಟ್ಟುಸಿರು ಬಿಟ್ಟರು. "ಇರ್ಲಿ ಬಿಡ್ರಿ ಮೇಡಂ. ಟಿಸಿ ಕೊಟ್ಬಿಡ್ರಿ. ಊರಾಗ ಅವ್ವನ ಹತ್ರ ಇರ್ತಾಳ."

ಹುಡುಗಿ ಥಟ್ಟನೆ ತಾಯಿಯ ಕಡೆ ತಿರುಗಿದಳು. "ಸೂಟಿಗೆ ಹೋಗೋದು ಅಂದಿದ್ದೆ?" ತಾಯಿ ಜಮಖಾನದ ದಾರ ಕೀಳುತ್ತಾ ಕೂತರು. ಹುಡುಗಿಯ ಕಣ್ಣು ತುಂಬಿತು. ಆದರೂ ಓದಲಿಲ್ಲ. ಓದಿದರೆ ಮೇಲೆ, ಓದದಿದ್ದರೆ ಊರು. ಆ ಮಗುವನ್ನು ಅಲ್ಲಿ ತಂದು ನಿಲ್ಲಿಸಿದ್ದು ನಮ್ಮ ಯೋಜನೆ. ಯಾರನ್ನು ಕೇಳಬೇಕು, ಏನು ವರದಿ ಬರೆಯಬೇಕು ಎನ್ನುವುದೆಲ್ಲ ಆ ಕ್ಷಣಕ್ಕೆ ತಲೆಯಿಂದ ಹೋಯಿತು.

"ನೋಡಮ್ಮ, ದಸರಾ ಆದ್ಮೇಲೆ ಗುಬ್ಬಚ್ಚಿ, ನವಿಲು ಯಾವ್ದೂ ಇರಲ್ಲ. ಮೊದಲ್ನೇ ಪೀರಿಯಡ್ಡು ಎಲ್ರೂ ನೆಲದ ಮೇಲೇ ಕೂತ್ಕೊಂಡು ಕತೆ ಓದೋದು. ನಾನೂ, ಮೇಷ್ಟ್ರೂ. ಓದಾದ್ಮೇಲೆ ಯಾರೂ ಏನೂ ಕೇಳಲ್ಲ." ಹೇಳಿ ಮುಗಿಸಿ ಮೇಷ್ಟ್ರ ಕಡೆ ನೋಡಿದೆ. ಅವರಿಗೆ ಒಪ್ಪಿಗೆ ಇರಲಿಲ್ಲ, ಮುಖದಲ್ಲೇ ಕಾಣುತ್ತಿತ್ತು. ಆದರೂ ಬಾಗಿಲಲ್ಲಿ ಚಪ್ಪಲಿ ಕಳಚಿ ಒಳಗೆ ಬಂದರು. ಮಂಡಿ ನೋವಿನ ಮನುಷ್ಯ, ಗೋಡೆ ಹಿಡಿದುಕೊಂಡು ಮೆಲ್ಲಗೆ ಜಮಖಾನದ ಮೇಲೆ ಕೂತು, "ಓದಮ್ಮ, ಚಿತ್ರ ನನಗೂ ಕಾಣೋ ಹಂಗೆ ಹಿಡ್ಕೋ" ಅಂದರು.

ಹುಡುಗಿ ಮೂಗು ಒರೆಸಿಕೊಂಡು ಓದತೊಡಗಿದಳು. ಮೊದಮೊದಲು ದನಿ ನಡುಗುತ್ತಿತ್ತು. ಯಜಮಾನ ಬೈಯುವ ಜಾಗಕ್ಕೆ ಬರುವಷ್ಟರಲ್ಲಿ ಸರಿಯಾಯಿತು. ತಾಯಿ ಮೊದಲು ಮಗಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವರೂ ಪುಸ್ತಕದ ಕಡೆ ಬಾಗಿದರು. ಹಗ್ಗ ಹಾಕಿ ಎಳೆಯುವ ಚಿತ್ರ ಬಂದಾಗ, "ಎಳದ್ರ ಎಮ್ಮಿ ಏಳ್ತದೇನು, ಹುಚ್ಚ ಅದಾನ ಅಂವ" ಎಂದು ತಮ್ಮಷ್ಟಕ್ಕೆ ಗೊಣಗಿದರು. ಡೊಳ್ಳು ಬಂತು, ಹುಲ್ಲಿನ ಹೊರೆ ಬಂತು. ಅಷ್ಟರಲ್ಲಿ ಆಕೆಯ ಮೊಬೈಲ್ ರಿಂಗಾಯಿತು. ಸೂಪರ್‌ವೈಸರ್. ಬಂದೆ ಸಾರ್, ಬಂದೆ ಎನ್ನುತ್ತಾ ಎದ್ದರು. ಮಗಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ದಡಬಡ ಹೊರಟೇಬಿಟ್ಟರು. ಟಿಸಿಯ ಮಾತು ಏನಾಯಿತೆಂದು ಕೇಳಲೂ ನನಗೆ ಅವಕಾಶ ಸಿಗಲಿಲ್ಲ.

ಗೇಟಿನ ತನಕ ಹೋದವರು ತಿರುಗಿ ಬಂದು ಕಿಟಕಿಯ ಹೊರಗೆ ನಿಂತರು.

"ಮೇಡಂ ರೀ, ಆ ಎಮ್ಮಿ ಕಡೀಕ ಎದ್ದು ಬಂತೇನ್ರಿ?"

ಮೇಷ್ಟ್ರು ನನ್ನ ಮುಖ ನೋಡಿದರು. ನನಗೆ ಕಥೆಯ ಕೊನೆ ಗೊತ್ತಿತ್ತು, ಉತ್ತರ ಬಾಯಿ ತುದಿಗೂ ಬಂದಿತ್ತು. ನುಂಗಿಕೊಂಡೆ.

"ನನಗೂ ಗೊತ್ತಿಲ್ಲಮ್ಮ. ರಜ ಮುಗಿಸ್ಕೊಂಡು ಬರ್ಲಿ, ಅವಳೇ ಓದಿ ಹೇಳ್ತಾಳೆ."

ಆಕೆ ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡಿದರು. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಗೊತ್ತಾಯಿತು ಅನ್ನಿಸುತ್ತದೆ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ಹಂಗಾದ್ರ ಆಕೀದು ಬರೂ ಟಿಕೆಟೂ ತಗಸಬೇಕಾತು. ಟಿಸಿ ನಿಮ್ಮ ಹತ್ರನ ಇರ್ಲಿ" ಎಂದು ಹೇಳಿ ಗೇಟು ದಾಟಿ ಓಡಿದರು.

ಮೇಷ್ಟ್ರು ಗೋಡೆ ಹಿಡಿದು ಏಳುತ್ತಾ, "ಪ್ರಶ್ನೆ ಕೇಳ್ಬಾರ್ದು ಅಂದ್ರಿ, ಆಯಮ್ಮ ಕೇಳೇಬಿಟ್ರಲ್ಲ" ಎಂದರು. ಹುಡುಗಿ ಬ್ಯಾಗು ಹೆಗಲಿಗೇರಿಸಿ ಬಾಗಿಲ ಪಕ್ಕದ ಚಾರ್ಟಿನ ಮುಂದೆ ನಿಂತಿದ್ದಳು. ನಗುವ ಮುಖದ ಕೆಳಗಿಂದ ಒಂದು ಬೊಟ್ಟು ಕಿತ್ತು ವಾಪಸ್ ಬಂದು, ಹುಲ್ಲಿನ ಹೊರೆಯ ಪುಟಕ್ಕೆ ಗುರುತಾಗಿ ಅಂಟಿಸಿ, ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು ಹೋದಳು.